ಬ್ರೇಕಿಗೆ ಬಿಟ್ಟ ಎಣ್ಣೆ

ನಮ್ಮ ಮನೆಯವರು ಟೈಲರ್. ಹೊಲಿಗೆ ಮಿಷನ್ ಕಿರ್ ಎಂದರೆ ಸಾಕು, ಎರಡು ಹನಿ ಎಣ್ಣೆ ಬಿಡುತ್ತಾರೆ. ಬಾಗಿಲು ಕಿರುಗುಟ್ಟಿದರೂ ಅದೇ ಮದ್ದು. ಹದಿನೈದು ದಿನದಿಂದ ಸೈಕಲ್ ಬ್ರೇಕು ಕಿರುಚುತ್ತಿತ್ತು. ಮೊನ್ನೆ ಬೆಳಿಗ್ಗೆ ಬ್ರೇಕಿನ ರಬ್ಬರಿಗೂ ಎಣ್ಣೆ ಬಿಟ್ಟರು. ಸದ್ದು ಅಡಗಿತು. ಇವರು ಬೀಗಿದ್ದೇ ಬೀಗಿದ್ದು!

ಮಗಳನ್ನು ಕ್ಯಾರಿಯರ್ ಮೇಲೆ ಕೂರಿಸಿ ಸೈಕಲ್ ತಳ್ಳಿಕೊಂಡು ಹೊರಟರು. ನಾನೂ ಜೊತೆಗಿದ್ದೆ. ನಮ್ಮ ಬೀದಿ ಮುಗಿಯುವಲ್ಲಿ ಇಳಿಜಾರು, ಕೆಳಗೆ ಲಾರಿಗಳು ಓಡುವ ದೊಡ್ಡ ರಸ್ತೆ, ಅದರಾಚೆ ಶಾಲೆ. ಇಳಿಜಾರಿನ ಮೇಲ್ತುದಿಯಲ್ಲೇ ಸೈಕಲ್ ರಿಪೇರಿ ಅಕ್ಕನ ಅಂಗಡಿ. ಇಳಿಜಾರಿಗೆ ಸೈಕಲ್ ಹತ್ತಿ ಹೋಗಲೆಂದು ಇವರು ಅಲ್ಲಿ ಬ್ರೇಕು ಹಿಡಿದು ನಿಂತರು.

ಅಕ್ಕ ತಲೆಯೆತ್ತಿದರು. "ಏನಣ್ಣಾ, ದಿನಾ ಬೀದಿಗೆಲ್ಲ ಕೇಳೋ ಹಾಗೆ ಕಿರುಚ್ತಿತ್ತು. ಇವತ್ತು ಯಾಕೆ ಬಾಯಿಗೆ ಬೀಗ?"

"ಎಣ್ಣೆ ಬಿಟ್ಟೆ ಅಕ್ಕಾ! ಇಪ್ಪತ್ತು ವರ್ಷದಿಂದ ಮಿಷನ್ ನೋಡ್ಕೊಳ್ತಿದೀನಿ, ಇದೇನು ಮಹಾ?"

"ಮೊದಲು ಮಗೂನ ಇಳಿಸಿ. ಈಗ ಬ್ರೇಕು ಗಟ್ಟಿಯಾಗಿ ಹಿಡಿದು ಮುಂದಕ್ಕೆ ತಳ್ಳಿ ನೋಡಿ."

ತಳ್ಳಿದರು. ಚಕ್ರ ಸಲೀಸಾಗಿ ಉರುಳಿತು. ಇವರು ಒಮ್ಮೆ ಲಾರಿಗಳ ಕಡೆ, ಒಮ್ಮೆ ಮಗಳ ಕಡೆ ನೋಡಿದರು. ನಾನು ಮಗಳನ್ನು ನನ್ನ ಕಡೆಗೆ ಎಳೆದುಕೊಂಡೆ.

"ಮಿಷನ್ ಓಡಬೇಕು, ಅದಕ್ಕೆ ಎಣ್ಣೆ. ಬ್ರೇಕು ಹಿಡೀಬೇಕು ಅಣ್ಣಾ. ರಬ್ಬರಿಗೂ ರಿಮ್ಮಿಗೂ ಎಣ್ಣೆ ತಾಗಲೇಬಾರದು," ಎಂದರು ಅಕ್ಕ.

ಆಮೇಲೆ ಆಕೆಯ ಕೈಚಳಕ ನೋಡಬೇಕಿತ್ತು! ರಿಮ್ಮನ್ನು ಸೋಪು ನೀರಲ್ಲಿ ತೊಳೆದು ಒಣಬಟ್ಟೆಯಿಂದ ಒರೆಸಿದರು. ಎಣ್ಣೆ ಕುಡಿದ ರಬ್ಬರು ಕಿತ್ತು ಹೊಸದು ಹಾಕಿದರು. ಅದು ಟೈರಿಗೆ ತಾಗದೆ ರಿಮ್ಮಿಗೇ ಸರಿಯಾಗಿ ಕೂರುವಂತೆ ಬಿಗಿದರು. ಬ್ರೇಕಿನ ವೈರಿನಲ್ಲಿ ಎಳೆ ಹರಿದಿದೆಯಾ ಎಂದು ಬೆರಳಾಡಿಸಿದರು. ಸಡಿಲವಿದ್ದದ್ದನ್ನು ಎಳೆದು ಸರಿಮಾಡಿದರು. ಕೊನೆಗೆ ಚಕ್ರ ತಿರುಗಿಸಿ ಕಿವಿಗೊಟ್ಟರು. ನುರಿತ ಕೈ ಅಂದರೆ ಅದು! ಯಾರ ಕೆಲಸವನ್ನೂ ಸುಲಭಕ್ಕೆ ಒಪ್ಪದ ನಮ್ಮವರು ಬಿಟ್ಟ ಕಣ್ಣು ಮುಚ್ಚದೆ ನೋಡಿದರು.

"ಹಾಗಾದ್ರೆ ಕಿರುಚ್ತಿದ್ದಿದ್ದು ಯಾಕೆ ಅಕ್ಕಾ?"

"ರಬ್ಬರಲ್ಲಿ ಮರಳು ಸಿಕ್ಕಿತ್ತು. ಸೂಜೀಲಿ ಕಿತ್ತಿದ್ರೆ ಸಾಕಾಗಿತ್ತು. ಟೈಲರ್ ಮನೇಲಿ ಸೂಜಿಗೆ ಬರವಾ?"

ಎಲ್ಲರೂ ನಕ್ಕೆವು. ಆದರೆ ಇವರು ಮಗಳನ್ನು ಕೂಡಲೇ ಹತ್ತಿಸಲಿಲ್ಲ. ಒಬ್ಬರೇ ಇಳಿಜಾರಿಗೆ ಇಳಿದು ನಡುವೆ ಬ್ರೇಕು ಹಿಡಿದರು. ಸೈಕಲ್ ಗಕ್ಕನೆ ನಿಂತಿತು. ತಳ್ಳಿಕೊಂಡು ಹತ್ತಿ ಬಂದು, ಏದುಸಿರಿನಲ್ಲೇ ಅಕ್ಕನಿಗೆ ಕೈಮುಗಿದರು. "ನನ್ನ ಮಗಳನ್ನ ಉಳಿಸಿಕೊಟ್ರಿ," ಎಂದರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಸೈಕಲ್ ಹೊರಗೆ ನಿಂತಿದೆಯಲ್ಲವೇ? ಈಗಲೇ ಎದ್ದು ಹೋಗಿ. ಒಂದೊಂದೇ ಬ್ರೇಕು ಹಿಡಿದು ಮುಂದಕ್ಕೆ ತಳ್ಳಿ ನೋಡಿ. ಚಕ್ರ ಉರುಳಿದರೆ ನೀವೂ ಹತ್ತಬೇಡಿ, ಮಕ್ಕಳನ್ನಂತೂ ಹತ್ತಿಸಲೇಬೇಡಿ. ರಿಪೇರಿ ಅಂಗಡಿಯವರೆಗೆ ತಳ್ಳಿಕೊಂಡೇ ಹೋಗಿ.