ಅರ್ಧ ಲೋಟ ಪಾರಣೆ

ಪಿಶವಿಯೊಳಗಿನ ಲೋಟ ತೊಳೆದಿಲ್ಲ, ಹಾಲಿನ ವಾಸನೆ ಬರ್ತಾ ಇದೆ, ನನಗೊಬ್ಬಳಿಗೇ ಬರ್ತಿದೆಯೋ ಈ ಬೆಂಚಿನ ಮೇಲಿದ್ದವರಿಗೆಲ್ಲ ಬರ್ತಿದೆಯೋ, ಚೀಲದ ಬಾಯಿಗೆ ಟಾವೆಲ್ಲು ಒತ್ತಿಟ್ಟಿದ್ದೇನೆ, ಆದರೂ — ಡೈರಿ ಇದ್ದಿದ್ದರೆ ಬರೆದುಬಿಡುತ್ತಿದ್ದೆ, ಇವತ್ತು ಒಂದು ಲೋಟದ ಹೆದರಿಕೆ ಅಂತ, ಬರೆದ ಮೇಲೆ ಹೆದರಿಕೆ ಎರಡು ಸಾಲಿನಷ್ಟೇ ಉಳಿಯುತ್ತದೆ, ಆದರೆ ಡೈರಿ ಸಾಂಗಲಿಯಲ್ಲಿ ಗಾದಿಯ ಕೆಳಗಿದೆ, ನಾನು ಮಿರಜದ ಈ ದವಾಖಾನೆಯಲ್ಲಿ, ಗಡಿಯಾರದಲ್ಲಿ ಎಂಟೂಮುಕ್ಕಾಲು. ಒಂಬತ್ತಕ್ಕೆ ಅನೂನ ಆಪರೇಷನ್. ಅನು, ಅನೇಕಾಂತ, ಅಕ್ಕನ ಮಗ, ಐದು ವರ್ಷ, ಒಳಗೆ ಮಂಚದ ಮೇಲೆ ಹಸಿರು ಅಂಗಿ ತೊಟ್ಟು ಕೂತು, ಮಾವಶಿ, ಇದಕ್ಕ ಕಟ್ಟೋ ಕಸಿ ಬೆನ್ನ ಹಿಂದ್ಯಾಕ ಅದಾವ, ಅಂತ ನಗುತ್ತಾನೆ, ನಕ್ಕರೂ ಏದುಸಿರು, ಓಣಿಯ ಹುಡುಗರು ಮೂರು ಸುತ್ತು ಓಡಿದರೆ ಇವನು ಅರ್ಧಕ್ಕೇ ಗೋಡೆ ಹಿಡಿಯುತ್ತಾನೆ, ಈ ವರ್ಷ ಮೂರು ಸಲ ನ್ಯುಮೋನಿಯಾ — ಆಮೇಲೆ ಆ ಎಕ್ಸ್-ರೇ, ಹೃದಯದ ಬಲಕ್ಕೆ ಒಂದು ಬಿಳಿ ಗೆರೆ, ಕುಡಗೋಲಿನ ಹಾಗೆ ಬಾಗಿದ್ದು. ಡಾಕ್ಟರಿಗೆ ಕನ್ನಡ ಬರುತ್ತದೆ, ಅವರ ಅರ್ಧ ಪೇಶಂಟರು ಅಥಣಿ ರಾಯಬಾಗದವರು, ನೋಡ್ರಿ, ಪುಪ್ಪುಸದಾಗ ಶುದ್ಧ ಆದ ರಕ್ತ ಹೃದಯದ ಎಡಕ್ಕ ಬರಬೇಕು, ಇವನ ಈ ನರ ಹುಟ್ಟಿನಿಂದಾನೇ ದಾರಿ ತಪ್ಪಿ ಕೆಳಗ ಕೆಟ್ಟ ರಕ್ತದ ನರಕ್ಕ ಕೂಡೇತಿ, ಲಕ್ಷದಾಗ ಒಂದೆರಡು ಕೂಸಿಗೆ ಹಿಂಗಿರತೈತಿ. ನಮ್ಮ ರತ್ನಾಬಾಯಿ ಅಜ್ಜಿ, ಕಸಬೆ ಡಿಗ್ರಜದ ಕಬ್ಬಿಗೆ ನೀರು ಹಾಯಿಸಿದಾಕೆ, ಅಂದ್ರ ನಮ್ಮ ಪಾಳಿ ನೀರು ಮಂದಿ ಹೊಲಕ್ಕ ಹೊಂಟೈತಿ ಅನ್ರಿ, ಡಾಕ್ಟರು ನಕ್ಕು, ಬರೋಬ್ಬರಿ ಆಜಿ, ಹೃದಯದ ಮೇಲಿನ ಹೊದಿಕೀದೇ ಒಂದು ತುಂಡು ತಗೊಂಡು ಹೊಸಾ ಕಾಲಿವಿ ಕಟ್ಟತೇವಿ, ಅಲ್ಲೀತನಕ ಮಷಿನ್ನು ರಕ್ತ ತಿರುಗಸತೈತಿ. ಹೃದಯ ನಿಂದ್ರಸತೀರೇನ್ರಿ, ಅಂದಳು ಅಕ್ಕ. ಅವತ್ತಿನಿಂದ ಅಕ್ಕ ಸರಿಯಾಗಿ ಕೂತದ್ದೇ ಇಲ್ಲ.

ಈಗಲೂ ನಿಂತೇ ಇದ್ದಾಳೆ, ಅನೂನ ಕಾಲುಚೀಲ ಮುಷ್ಟಿಯಲ್ಲಿ. ಭಾವ ಭರತೇಶ ಹೊಸ ಮೊಬೈಲು ಹಿಡಿದು ರೇಂಜ್ ಹುಡುಕುತ್ತ ಕಿಟಕಿಯಿಂದ ಕಿಟಕಿಗೆ, ಕೆಳಗೆ ಟಾಂಗಾ ನಿಲ್ಲುತ್ತಿದ್ದಲ್ಲಿ ಈಗ ಸ್ಕ್ಯಾನ್ ಸೆಂಟರ್, ಹ್ಯಾಲೋ, ಹೌದ್ರಿ, ಇವತ್ತ, ಮುಂಬೈ ಸರ್ಜನ್, ಎರಡು ತಿಂಗಳಿಗೊಮ್ಮೆ ಬರತಾರ, ಇವತ್ತೇ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿಗೆ ವಾಪಸ್ — ಎರಡು ತಿಂಗಳು ಅಂದರೆ ಮಳೆಗಾಲ, ಮಳೆಗಾಲ ಅಂದರೆ ಮತ್ತೆ ಅದೇ ಕೆಮ್ಮು. ಕೂಸಿನ್ನ ಉಪಾಶಿ ಇಡ್ರಿ, ಅಂದಿದ್ದಳು ಸಿಸ್ಟರ್ ನಿನ್ನೆ. ಉಪಾಸ ಜೈನರಾದ ನಮಗೇನು ಹೊಸದೇ, ಪರ್ಯೂಷಣದಲ್ಲಿ ಅಜ್ಜಿ ಎಂಟು ದಿವಸ ಮಾಡುತ್ತಾಳೆ, ಸೂರ್ಯ ಹುಟ್ಟಿ ಎರಡು ಘಳಿಗೆಯಾದ ಮೇಲೆ ಪಾರಣೆ, ಮೊದಲ ಗುಟುಕು ಇನ್ನೊಬ್ಬರ ಕೈಯಿಂದ, ಕುಡಿಸಿದವರಿಗೂ ಪುಣ್ಯ. ಬೆಳಗ್ಗೆ ಏಳಕ್ಕೆ ಅಕ್ಕ ಸ್ನಾನಕ್ಕೆ ಹೋಗಿದ್ದಳು, ಅಜ್ಜಿ ಜಪದ ಮಣಿ ಬಿಡದೆ, ಪ್ರಣಾಲಿ, ಹೊತ್ತಾತು, ಕೂಸಿಂದು ಪಾರಣಿ ಮಾಡಸವಾ, ಅಂದಳು, ಅನು ಅಜ್ಜಿಯ ಹಾಗೇ ಕಣ್ಣು ಮುಚ್ಚಿ ಕೈ ಮುಗಿದ, ನನಗೆ ನಗು ಬಂತು, ನಾನೇ ಕುಡಿಸಿದೆ, ಅರ್ಧ ಲೋಟ ಹಾಲು, ಗಟಗಟ ಕುಡಿದು ಮುಖ ಎತ್ತಿದಾಗ ಮೇಲ್ದುಟಿಯ ಮೇಲೆ ಬಿಳಿ ಗೆರೆ, ಬಾಗಿದ್ದು.

ಏಳೂವರೆಗೆ ಭಾವ ಫಾರ್ಮು ತಂದ, ಇಂಗ್ಲಿಷ್ ಐತಿ, ಬಿ.ಎಸ್ಸಿ. ಬಾಯಿ, ಓದು, ಓದಿದೆ, ಮನಸ್ಸಿನಲ್ಲೇ ಓದಿದೆ, ಆರು ತಾಸು ಮೊದಲಿನಿಂದ ಬಾಯಿಗೆ ಏನೂ ಹಾಕಬಾರದು, ಹಾಲೂ ಕೂಡ, ಮಂಪರಿನಲ್ಲಿ ಹೊಟ್ಟೆಯದು ಮೇಲೆ ಬಂದು ಪುಪ್ಪುಸಕ್ಕೆ ಇಳಿದರೆ ಜೀವಕ್ಕೆ — ಕಾಗದ ಮಡಚಿ ಕೊಟ್ಟೆ. ಏನೈತಿ ಅದರಾಗ? ಏನಿಲ್ಲ ಭಾವ, ಸಹಿ ಮಾಡ್ರಿ. ನಮ್ಮ ಪ್ರಣಾಲಿ ಎರಡು ಮಾತಾಡಿದ್ರ ಮರುದಿವಸ ಪೇಪರಿನ್ಯಾಗ ಬರತೈತಿ, ಅಂದು ಭಾವ ನಗಿಸಲು ನೋಡಿದ, ಅಕ್ಕ ನಗಲಿಲ್ಲ. ಅರ್ಧ ಲೋಟ ಇಷ್ಟೊತ್ತಿಗೆ ಕರಗಿರಬಹುದು, ಕರಗಿರುತ್ತದೆ, ಎರಡು ತಾಸಾಯಿತು, ಎರಡು ಆರಲ್ಲ, ಹೇಳಿದರೆ ಸರ್ಜನ್ ಹೊರಟುಹೋಗುತ್ತಾರೆ, ಅಕ್ಕ ಈ ಜನ್ಮದಲ್ಲಿ ನನ್ನ ಮುಖ ನೋಡಲಿಕ್ಕಿಲ್ಲ, ಅಜ್ಜಿ ತಾನೇ ಹೇಳಿದ್ದು ಅಂತ ಕೊರಗಿ — ಇಲ್ಲ, ಓದಿದವಳು ನಾನು, ಅಜ್ಜಿಯಲ್ಲ.

ಗಾಲಿ ಮಂಚ ಬಂತು, ಅನು ಅದರ ಮೇಲೆ, ಮಾವಶಿ, ಇದು ನಮ್ಮ ರಿಕ್ಷಾಕಿಂತ ಛಲೋ ಐತಿ, ಭೂಲ್ ಕೊಡುವ ಡಾಕ್ಟರ್ ಬಾಯಿ, ಅವನಿಗೆ ಮಂಪರು ಹಾಕುವಾಕೆ, ಬಗ್ಗಿ ಅವನ ನಾಡಿ ಹಿಡಿದು ಅಕ್ಕನ ಕಡೆ ನೋಡಿ, ಬೆಳಿಗ್ಗಿಂದ ಏನೂ ಕೊಟ್ಟಿಲ್ಲಲ್ಲ? ಏನಿಲ್ರಿ, ನೀರು ಸುದ್ದಾ ಇಲ್ಲ, ಅಕ್ಕ ಎಷ್ಟು ನಂಬಿಕೆಯಿಂದ ಹೇಳಿದಳು, ಗಾಲಿ ಹೊರಳಿದವು, ಒಂದು ಗಾಲಿ ಕಿರ್ ಅಂತು, ಅನು ನನ್ನ ಕಡೆ ತಿರುಗಿ ಕಣ್ಣು ಮುಚ್ಚಿ ಕೈ ಮುಗಿದ, ನಮ್ಮಿಬ್ಬರಿಗೇ ಗೊತ್ತಿದ್ದ ಗುಟ್ಟಿನ ಹಾಗೆ, ತುಟಿ ಸ್ವಚ್ಛ ಇದೆ, ಓಢಣಿಯಿಂದ ನಾನೇ ಒರೆಸಿದ್ದೆ, ಆದರೂ ಅಲ್ಲೇ ಇದೆ, ಬಾಗಿದ್ದು, ಎಕ್ಸ್-ರೇಯದೋ ತುಟಿಯದೋ, ಬಿಳಿ ಗೆರೆ, ಬಾಗಿಲು ತೆರೆಯಿತು, ಬಿಳಿ ಗೆರೆ, ಬಿಳಿ ಗೆರೆ — ನಿಂದರ್ರಿ ಡಾಕ್ಟರ್, ಹಾಲು ಕುಡಿಸೇನ್ರಿ, ನಾನೇ, ಏಳು ಗಂಟೇಕ, ಅರ್ಧ ಲೋಟ.