ಅಳಿಸಿ ತರಿಸಿಕೊಂಡದ್ದು

ಕಂಪ್ಯೂಟರ್ ಎರಡು ಸಲ ಕೈಕೊಟ್ಟ ಮೇಲೆ, ಫೈಲುಗಳನ್ನೆಲ್ಲ ಆನ್‌ಲೈನಿನಲ್ಲಿ ಇಡೋಣವೆಂದು ಗುಬ್ಬಿಯಿಂದ ತುಮಕೂರಿಗೆ ಹೋಗಿ ರಿಪೇರಿ ಅಂಗಡಿಯ ಚನ್ನೇಶನನ್ನು ವಿಚಾರಿಸಿದೆ. ಯಾವ ಕಂಪನಿ ನಂಬಬಹುದೆಂದು ಕೇಳಿದರೆ ಅವನು ಒಂದು ಹೆಸರನ್ನೂ ಹೇಳಲಿಲ್ಲ.

“ಜಾಹೀರಾತು ನಂಬ್ಬೇಡಿ ಅಕ್ಕ. ಎರಡ್ಮೂರು ಕಡೆ ಫ್ರೀಯಾಗಿ ಹಾಕಿ. ಆಮೇಲೆ ಒಂದು ಫೈಲ್ ಡಿಲೀಟ್ ಮಾಡಿ, ವಾಪಸ್ ತರ್ಸಿ ನೋಡಿ. ಸರಿಯಾಗಿ ಬಂದ್ರೆ ಅದನ್ನೇ ಇಟ್ಕೊಳಿ.”

ಮೂರು ಕಡೆ ಹಾಕಿದೆ. ಅಳಿಸಲು, ಹೋದರೂ ಪರವಾಗಿಲ್ಲ ಎನ್ನುವಂಥದ್ದನ್ನು ಹುಡುಕಿದೆ. ತೀರಿಹೋದ ನಮ್ಮ ಯಜಮಾನರು ಯಾವಾಗಲೋ ಸಿಟ್ಟಿನಲ್ಲಿ ಕಳಿಸಿದ್ದ ವಾಯ್ಸ್ ಮೆಸೇಜ್ ಸಿಕ್ಕಿತು. ಅದಕ್ಕಾಗಿ ನಾನು ಮೂರು ದಿನ ಮಾತು ಬಿಟ್ಟಿದ್ದೆ. ಅದನ್ನೇ ಅಳಿಸಿದೆ.

ಮೊದಲನೆಯ ಕಂಪನಿ ಎರಡು ದಿನ ಸತಾಯಿಸಿತು. ಎರಡನೆಯದು ಫೈಲಿನ ಹೆಸರು ಕೊಟ್ಟಿತು, ಒಳಗೆ ದನಿಯೇ ಇರಲಿಲ್ಲ. ಮೂರನೆಯದು ಒಂದೇ ನಿಮಿಷಕ್ಕೆ ತಂದುಕೊಟ್ಟಿತು.

“ಬೀಗದಕೈ ಎಲ್ಲಿಟ್ಟು ಹೋದ್ಯೇ? ಅರ್ಧ ಗಂಟೆಯಿಂದ ಬಾಗಿಲಲ್ಲೇ ನಿಂತಿದೀನಿ.”

ಮೂರನೆಯದನ್ನೇ ಇಟ್ಟುಕೊಂಡೆ. ಇನ್ನು ಪರೀಕ್ಷೆಯ ಅಗತ್ಯವಿಲ್ಲ. ಆದರೂ ದಿನಾ ಸಂಜೆ ಆ ಫೈಲನ್ನು ಅಳಿಸುತ್ತೇನೆ. ಅಳಿಸಿ, ಅವರು ವಾಪಸ್ ಬರಲೆಂದು ಕಾಯುತ್ತೇನೆ.