ತೆಪ್ಪದಲ್ಲಿ ಹೋದವನು

"ಏಳ್ರಲೇ, ಏಳ್ರಿ! ಅಂವ ಹೊಂಟ ನೋಡ್ರಿ!"

ಲಕ್ಕವ್ವ ಬೆಂಚಿನಿಂದ ಅರ್ಧ ಎದ್ದು, ಗೋಡೆಯ ಮೇಲಿನ ಟಿವಿಗೆ ಕೈಚಾಚಿ ಕೂಗಿದಳು. ಐಸಿಯು ಬಾಗಿಲಿನ ಮುಂದೆ ಸ್ಟೂಲು ಹಾಕಿಕೊಂಡಿದ್ದ ವಾಚ್‌ಮನ್ ಸತ್ತೆಪ್ಪ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಬಿಟ್ಟ. ಅವಳು ಅವನ ಕಡೆ ನೋಡಲೇ ಇಲ್ಲ.

ಟಿವಿಯಲ್ಲಿ ಇನ್ನೂ ಸರಿಯಾಗಿ ಬೆಳಗಾಗಿರಲಿಲ್ಲ. ದಾಡಿಯ ಗಂಡಸೊಬ್ಬ ಮರದ ದಿಮ್ಮಿಗಳ ತೆಪ್ಪವನ್ನು ನೀರಿಗೆ ನೂಕಿ, ಅದರ ಮೇಲೆ ಬೋರಲು ಬಿದ್ದು, ಕೈಯಿಂದಲೇ ನೀರು ತಳ್ಳುತ್ತ ಸಮುದ್ರದೊಳಕ್ಕೆ ಹೋಗುತ್ತಿದ್ದ. ಉಳಿದವರು ಮರಳಿನ ಮೇಲೆ ಮಲಗಿಯೇ ಇದ್ದರು.

"ನೋಡಿದೇನ ತಂಗಿ?" ಲಕ್ಕವ್ವ ಮಗ್ಗುಲಲ್ಲಿದ್ದವಳ ಮೊಣಕಾಲು ತಟ್ಟಿದಳು. "ಹಡಗ ಒಡದ ಈ ನಡಗಡ್ಡ್ಯಾಗ ಬಂದ ಬಿದ್ದಾರ. ಅಲ್ಲೆ ನೋಡ, ಆ ಮುದುಕಗ ಜ್ವರ. ಇದ್ದದ್ದು ಒಂದ ಬಾಟ್ಲಿ ನೀರು. ಅದನ್ನ ಈ ದಾಡ್ಯಾಂವ ಕದ್ದ ಕುಡದಾನ. ಈಗ ತೆಪ್ಪಾ ತಗೊಂಡ ಹೊಂಟಾನ."

ದಾಕ್ಷಾಯಿಣಿ ತಲೆಯಾಡಿಸಿದಳು. ಅವಳಿಗೆ ಟಿವಿ ಕಾಣುತ್ತಿತ್ತೇ ಹೊರತು ಏನೂ ತಲೆಗೆ ಹೋಗುತ್ತಿರಲಿಲ್ಲ. ಈ ಮುದುಕಿಯ ಪಕ್ಕದಲ್ಲಿ ಕೂರಬೇಕೆಂದು ಅವಳು ಬಂದಿರಲಿಲ್ಲ. ದೂರ ನಿಂತು, ಯಾರ ಬಾಯಿಂದಲಾದರೂ ಒಂದು ಮಾತು ಕೇಳಿಕೊಂಡು, ಬಂದ ಹಾಗೆಯೇ ಹೋಗಿಬಿಡಬೇಕೆಂದು ಬಂದಿದ್ದಳು. ಆದರೆ ಗೋಕಾಕದ ಆ ದವಾಖಾನೆಯಲ್ಲಿ ಆ ಮಧ್ಯಾಹ್ನ ಖಾಲಿ ಇದ್ದದ್ದು ಅದೊಂದೇ ಜಾಗ. ಕೂತ ಸ್ವಲ್ಪ ಹೊತ್ತಿಗೆ ಸತ್ತೆಪ್ಪ "ಕಿಶೋರನ ಕಡೆಯವರು ಯಾರ್ರಿ?" ಎಂದು ಕೂಗಿದ್ದ, ಎದ್ದು ಹೋದವಳು ಈ ಮುದುಕಿ. ಆಮೇಲೆ ಏಳಲು ದಾಕ್ಷಾಯಿಣಿಗೆ ಕಾಲು ಬಂದಿರಲಿಲ್ಲ.

ಆ ಕಿಶೋರನನ್ನು ಹೀಗೆ ಮಲಗಿಸಿದ್ದು ಅವಳ ಗಂಡ ಸೋಮಶೇಖರನ ಟ್ರ್ಯಾಕ್ಟರು. ಅವನ ಹೆಸರನ್ನೂ ದವಾಖಾನೆಯನ್ನೂ ಅವಳು ನಿನ್ನೆಯ ಪೇಪರಿನಲ್ಲಿ ಓದಿದ್ದಳು.

ಮೊನ್ನೆ ದೀಪ ಹಚ್ಚುವ ಹೊತ್ತಿಗೆ ಸೋಮಶೇಖರ ಎರಡು ಟ್ರೇಲರಿನ ತುಂಬ ಕಬ್ಬು ಹೇರಿಕೊಂಡು ಹುಕ್ಕೇರಿ ರಸ್ತೆಯಲ್ಲಿ ಬರುತ್ತಿದ್ದ. ಹಿಂದಿನ ಟ್ರೇಲರಿಗೆ ಕೆಂಪು ದೀಪವಿರಲಿಲ್ಲ, ಹೊಳೆಯುವ ರೇಡಿಯಂ ಪಟ್ಟಿಯೂ ಇರಲಿಲ್ಲ. ಹಚ್ಚಿಸಿಕೊಳ್ಳಿರೆಂದು ಸುಗ್ಗಿ ಶುರುವಾದಾಗಿನಿಂದ ಅವಳೇ ಹೇಳುತ್ತಿದ್ದಳು. ಮಬ್ಬಿನಲ್ಲಿ ಬಂದ ಬೈಕು ಹಿಂದಿನಿಂದ ಹೊಕ್ಕಿತ್ತು. ಮೂಡಲಗಿಯ ಮನೆಗೆ ಬಂದವನೇ ಸೋಮಶೇಖರ ದನದ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿ ಕೂತು ಬೈಕು ಬಡಿದದ್ದನ್ನು ಹೇಳಿದ್ದ. "ಅಂಬ್ಯುಲನ್ಸಿಗೆ ಫೋನ ಮಾಡಿದೆ. ಅದು ಬರೂತನಾ ಅಲ್ಲೇ ಇದ್ದೆ," ಎಂದು ಅಲ್ಲಿಗೆ ಮಾತು ನಿಲ್ಲಿಸಿದ್ದ. ಅವನು ಸ್ನಾನಕ್ಕೆ ಹೋದಾಗ ಅವಳು ಅವನ ಫೋನು ತೆಗೆದು ನೋಡಿದ್ದಳು. ಅಂಥ ಕರೆಯೇ ಅದರಲ್ಲಿರಲಿಲ್ಲ. ನೋಡಿದೆನೆಂದು ಅವಳು ಹೇಳಲಿಲ್ಲ. ಆದರೆ ಅಂದಿನಿಂದ ಅವನ ಮುಖ ನೋಡಿ ಮಾತಾಡುವುದು ಅವಳಿಗೆ ಆಗಿರಲಿಲ್ಲ.

ಇವತ್ತು ಬೈಕಿನ ಮೇಲೆ ಅವಳನ್ನು ಕರೆತಂದವನೂ ಅವನೇ. ದವಾಖಾನೆಯ ಎದುರಿನ ಚಹಾದಂಗಡಿಯ ಹತ್ತಿರ ಇಳಿಸಿ, "ಅಂವ ಅದಾನೋ ಇಲ್ಲೋ, ಅಷ್ಟ ಕೇಳ್ಕೊಂಡ ಬಾ," ಎಂದಿದ್ದ.

"ನಿಮ್ಮವರು ಯಾರದಾರ ಒಳಗ?" ಜಾಹೀರಾತು ಬಂದದ್ದೇ ಲಕ್ಕವ್ವ ಇತ್ತ ತಿರುಗಿದಳು.

"ನಮ್ಮ ಕಾಕಾ. ಎದಿ ನೋವು."

"ಯಾವೂರಾತು?"

"ಹುಕ್ಕೇರಿ." ಮೂಡಲಗಿ ಎನ್ನಬಾರದೆಂದು ಬಾಯಿಗೆ ಬಂದ ಊರು ಹೇಳಿಬಿಟ್ಟಿದ್ದಳು.

"ಅಯ್ಯ, ಹುಕ್ಕೇರಿ ಏನ! ನಾವು ಕಲ್ಲೋಳಿಯವರು. ಆದ್ರ ನನ್ನ ಸಣ್ಣ ಮಗ, ಒಳಗ ಮಲಗ್ಯಾನಲ್ಲ ಈ ಕಿಶೋರ, ಹುಕ್ಕೇರ್ಯಾಗ ಮೋಟಾರ ರಿಪೇರಿ ಅಂಗಡಿ ಇಟ್ಟಾನ. ದಿನಾ ಹೋಗಿ ಬರ್ತಾನ. ನಿಮ್ಮನಿ ಎಲ್ಲಿ ಬರತೈತಿ ಅಲ್ಲಿ?"

ದಾಕ್ಷಾಯಿಣಿಗೆ ಹುಕ್ಕೇರಿಯ ಒಂದು ಓಣಿಯ ಹೆಸರೂ ನೆನಪಿಗೆ ಬರಲಿಲ್ಲ. ಅಷ್ಟರಲ್ಲಿ ಟಿವಿಯಲ್ಲಿ ಯಾರೋ ಚೀರಿದರು, ಮುದುಕಿ "ತಡಿ ತಡಿ" ಎಂದು ಅತ್ತ ತಿರುಗಿದಳು.

ದ್ವೀಪದ ಮಂದಿ ಎಚ್ಚರಾಗಿದ್ದರು. ತೆಪ್ಪವಿಲ್ಲ, ದಾಡಿಯವನಿಲ್ಲ. ಕೆಂಪು ಅಂಗಿಯ ಹೆಂಗಸು ಮರಳನ್ನು ಮುಷ್ಟಿಯಲ್ಲಿ ಹಿಡಿದು ಎಸೆಯುತ್ತ ಅವನನ್ನು ಬೈಯುತ್ತಿದ್ದಳು. ಕನ್ನಡಕ್ಕೆ ಡಬ್ ಮಾಡಿದ ಅವಳ ದನಿ ತುಟಿಯ ಜೊತೆ ಕೂಡುತ್ತಿರಲಿಲ್ಲ. ಅವನು ನಮ್ಮನ್ನು ಸಾಯಲು ಬಿಟ್ಟು ಓಡಿಹೋದ, ಮತ್ತೆ ಕಣ್ಣಿಗೆ ಬಿದ್ದರೆ ನಾನೇ ಕೊಲ್ಲುತ್ತೇನೆ ಎನ್ನುತ್ತಿದ್ದಳು.

"ಖರೆ ಐತಿ ಬಿಡು," ಎಂದಳು ಲಕ್ಕವ್ವ. ಆಮೇಲೆ ತಲೆ ಅಲ್ಲಾಡಿಸಿದಳು. "ಆದ್ರ ಅಂವ ಹೊಳ್ಳಿ ಬರ್ತಾನ."

"ಬರ್ತಾನಂತೀರಿ?" ದಾಕ್ಷಾಯಿಣಿಗೆ ಅರಿವಿಲ್ಲದೆ ಮಾತು ಹೊರಬಿತ್ತು.

"ಮತ್ತ? ಹೋಗೂಮುಂದ ಆ ಮುದುಕನ ಮ್ಯಾಲ ತನ್ನ ಅಂಗಿ ಹೊಚ್ಚಿ ಹ್ವಾದ, ನೀ ನೋಡಲಿಲ್ಲ? ಓಡಿ ಹೋಗಾಂವ ಹಂಗ ಮಾಡ್ತಾನೇನ?" ಮುದುಕಿ ದನಿ ತಗ್ಗಿಸಿದಳು. "ನಿನಗ ಹೇಳ್ತೇನಿ ಕೇಳ. ಆ ಟ್ರ್ಯಾಕ್ಟರದಾಂವ ನನ್ನ ಮಗನ್ನ ರಸ್ತೇದಾಗ ಬಿಟ್ಟ ಹ್ವಾದ. ಅವನ ಕೈ ಸೇದಿ ಹೋಗ್ಲಿ. ಅವನ ಮನಿ ದೀಪ ಆರ್ಲಿ. ಆದ್ರ ಆ ಕತ್ತಲ್ಯಾಗ ಇನ್ನೊಬ್ಬ ಯಾರೋ ಪುಣ್ಯಾತ್ಮ ಬಂದಾನ. ಕಿಶೋರನ ಫೋನು ಕೆಳಗ ಬಿದ್ದಿತ್ತಂತ. ಆ ಫೋನಿಂದನ ಅಂಬ್ಯುಲನ್ಸಿಗೆ ಹೇಳ್ಯಾನ. ಹೆಸರ ಕೇಳಿದ್ರ ಇಟ್ಟಬಿಟ್ಟನಂತ. ಇನ್ನೊಂದೀಟು ತಡಾ ಆಗಿದ್ರ ಉಳೀತಿದ್ದಿಲ್ಲ ಅಂದ್ರು ಡಾಕ್ಟರು. ಒಮ್ಮಿ ಅವನ್ನ ನೋಡಬೇಕವ್ವಾ. ಅವನ ಕಾಲ ಹಿಡಕೋಬೇಕು."

ದಾಕ್ಷಾಯಿಣಿ ಮುದುಕಿಯ ಕಡೆ ತಿರುಗಿದಳು. ಬಿದ್ದವನ ಫೋನಿನಿಂದ. ತನ್ನ ಗಂಡ ಸುಳ್ಳು ಹೇಳಿರಲಿಲ್ಲ. ಈ ಮುದುಕಿ ಬಾಯಿ ತುಂಬ ಶಾಪ ಹಾಕುತ್ತಿರುವುದೂ ಕಾಲು ಹಿಡಿಯುತ್ತೇನೆ ಎನ್ನುತ್ತಿರುವುದೂ ಒಬ್ಬನಿಗೇ. ಅವನು ರಸ್ತೆಯಾಚೆ, ಚಹಾದಂಗಡಿಯ ಮುಂದೆ ಬೈಕಿನ ಮೇಲೆ ಕೂತಿದ್ದಾನೆ. ಹೇಳಿಬಿಡಲೇ ಎಂದು ಒಮ್ಮೆ ಅನಿಸಿತು. ಹೇಳಿದರೆ ಮಾತಿನ ಯಾವ ಅರ್ಧ ಈ ತಾಯಿಯ ಕಿವಿಗೆ ಮೊದಲು ಬೀಳುತ್ತದೋ ಎಂದು ಹೆದರಿಕೆಯಾಯಿತು.

ಆಗ ಲಕ್ಕವ್ವನ ಹಿರಿಯ ಮಗ ಬಾಳೇಶ ಒಳಗೆ ಬಂದ. ಗಟ್ಟಿ ಆಳು, ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು.

"ಯವ್ವಾ, ಸುಳಿವು ಸಿಕ್ಕೈತಿ. ಮೂಡಲಗಿ ಕಡೀದ ಟ್ರ್ಯಾಕ್ಟರ. ಇವತ್ತ ಸಂಜೀ ಒಳಗ ಹಿಡೀತೇನಿ. ಪೊಲೀಸರ ಕೈಗೆ ಕೊಡೂದು ಆಮ್ಯಾಲ." ಹೇಳುತ್ತಲೇ ಅವನ ಕಣ್ಣು ದಾಕ್ಷಾಯಿಣಿಯ ಮೇಲೆ ನಿಂತಿತು. "ಇವರ್ಯಾರು?"

"ಹುಕ್ಕೇರಿಯವರಂತ. ಪಾಪ, ಇವರ ಕಾಕಾನೂ ಒಳಗದಾರ."

"ಹುಕ್ಕೇರಿಯವರಾ?" ಬಾಳೇಶ ಹತ್ತಿರ ಬಂದ. "ಅಕ್ಕಾರ, ನೀವು ಹೊರಗ ಗಾಡಿ ಮ್ಯಾಲಿಂದ ಇಳಿಯೂದು ನಾ ನೋಡೇನಿ. ಕರಕೊಂಡ ಬಂದವರು ಇನ್ನೂ ಅಲ್ಲೇ ಕುಂತಾರ. ಯಾಕ, ಒಳಗ ಬರಾಕ ಒಲ್ಲರು?"

"ಅವರಿಗೆ... ದವಾಖಾನಿ ವಾಸನಿ ಆಗೂದಿಲ್ಲ."

"ಹೌದಾ?" ಎಂದ ಬಾಳೇಶ. ಕದಲಲಿಲ್ಲ. "ಐಸಿಯುದಾಗ ಎದಿ ಬ್ಯಾನಿಯವರು ಯಾರೂ ಇಲ್ಲಲ್ಲಾ. ಮುಂಜಾನಿಂದ ನಾ ಇಲ್ಲೇ ಅದೇನಿ."

"ಏ, ಸುಮ್ನ ಕುಂಡ್ರೊ," ಎಂದು ಲಕ್ಕವ್ವ ಗದರಿದಳು. ಅವಳ ಕಣ್ಣು ಮತ್ತೆ ಟಿವಿಗೆ ಹೋಗಿತ್ತು. ಅಲ್ಲಿ ಗಂಡಸರು ಬಡಿಗೆಗಳ ತುದಿ ಕೆತ್ತಿ ಚೂಪು ಮಾಡುತ್ತಿದ್ದರು. ದಾಡಿಯವನು ಬಂದರೆ ಇವುಗಳಿಂದಲೇ ಎಂದು ಮಾತಾಡಿಕೊಳ್ಳುತ್ತಿದ್ದರು. ಲಕ್ಕವ್ವ ಬೇಸರದಿಂದ ನಾಲಿಗೆ ಲೊಚಗುಟ್ಟಿದಳು. "ಇವಕ್ಕೇನ ಬುದ್ಧಿ ಐತಿ? ಹಿಂಗ ಬಡಿಗಿ ಹಿಡಕೊಂಡ ನಿಂತ್ರ ಬರಾಂವ ಹೆಂಗ ಬರ್ತಾನ? ಬಡೀಲಿ ಬೇಕಾದ್ರ. ಆದ್ರ ಮೊದಲ ಬರ್ಲಿ."

ದಾಕ್ಷಾಯಿಣಿ ಎದ್ದಳು. ಬಾಳೇಶ ದಾರಿ ಬಿಡಲಿಲ್ಲ. ಅವನ ಪಕ್ಕದಿಂದ ಸರಿದು ಹೊರಗೆ ನಡೆದಳು. ಬೆನ್ನಿಗೆ ಅವನ ನೋಟ ಅಂಟಿಕೊಂಡೇ ಇತ್ತು.

ಸೋಮಶೇಖರ ಅವಳನ್ನು ಕಂಡು ಬೈಕಿನಿಂದ ಇಳಿದ. ಚಹಾದ ಕಪ್ಪು ಕೈಯಲ್ಲಿ ಹಾಗೇ ಇತ್ತು, ಮೇಲೆ ಕೆನೆ ಕಟ್ಟಿತ್ತು.

"ಅದಾನ?"

"ಅದಾನ. ಕಣ್ಣ ತಗದಿಲ್ಲ." ಅವಳು ಎರಡು ದಿನಗಳಲ್ಲಿ ಮೊದಲ ಸಲ ಅವನ ಮುಖ ನೋಡಿದಳು. "ಅವನ ಫೋನಿಂದ ಹಚ್ಚಿದ್ರೇನು?"

"ಅಂಜಿಕ್ಯಾಗ ನನ್ನ ಫೋನ ಎಲ್ಲೈತಿ ಗೊತ್ತಾಗಲಿಲ್ಲ. ಅವನ ಫೋನು ಅಲ್ಲೇ ಬಿದ್ದಿತ್ತು. ನಿನಗ ಹೇಳಿದ್ನಲ್ಲಾ, ಫೋನ ಮಾಡಿದೆ ಅಂತ."

"ನಾ ನಂಬಿದ್ದಿಲ್ಲ," ಎಂದಳು ದಾಕ್ಷಾಯಿಣಿ. "ಒಳಗ ಅವರವ್ವ ಅದಾಳ, ಅಣ್ಣ ಅದಾನ. ಮೂಡಲಗಿ ಅನ್ನೂತನಾ ಅಂವಗ ಗೊತ್ತಾಗೈತಿ. ಬರ್ರಿ."

"ಈಗ?"

"ಅವರ ಬಂದ ಹಿಡಿಯೂಕಿಂತ ಮೊದಲ. ಬಡದ್ರ ಬಡೀಲಿ. ನಾ ಬಾಜೂ ಇರ್ತೇನಿ."

ಅವನು ದವಾಖಾನೆಯ ಬಾಗಿಲನ್ನು ನೋಡಿದ. ಆಮೇಲೆ ಬೈಕಿನ ಕೀಲಿಯನ್ನು ನೋಡಿದ. ಕಪ್ಪನ್ನು ಅಂಗಡಿಯ ಕಟ್ಟೆಯ ಮೇಲಿಟ್ಟು ಅವನು ಅವಳ ಹಿಂದೆ ನಡೆದ.

ಬಾಗಿಲಲ್ಲೇ ಬಾಳೇಶ ನಿಂತಿದ್ದ. ದಾಕ್ಷಾಯಿಣಿ ಅವನ ಜೊತೆ ಮಾತಾಡದೆ ನೇರ ಲಕ್ಕವ್ವನ ಮುಂದೆ ಹೋಗಿ ನೆಲದ ಮೇಲೆ ಕೂತಳು.

"ಯವ್ವಾ, ನಾ ಸುಳ್ಳ ಹೇಳಿದೆ. ನಾವು ಮೂಡಲಗಿಯವರು. ನಿಮ್ಮ ಮಗನ ಸಲುವಾಗಿ ಫೋನ ಮಾಡಿದವರು ಇವರು." ಮುದುಕಿಯ ಮುಖ ಅರಳುವುದರೊಳಗೆ ಉಳಿದದ್ದನ್ನೂ ಹೇಳಿಬಿಟ್ಟಳು. "ಟ್ರ್ಯಾಕ್ಟರೂ ಇವರದ."

ಬಾಳೇಶ ಒಂದೇ ನೆಗೆತಕ್ಕೆ ಸೋಮಶೇಖರನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. ಕಾದು ಕೂತಿದ್ದವರೆಲ್ಲ ಎದ್ದರು. ಸತ್ತೆಪ್ಪ ಸ್ಟೂಲು ಬಿಟ್ಟು ಓಡಿಬಂದು ಇಬ್ಬರ ನಡುವೆ ಕೈ ತೂರಿಸಲು ನೋಡಿದ. ಸೋಮಶೇಖರ ಬಿಡಿಸಿಕೊಳ್ಳಲಿಲ್ಲ. "ಎಲ್ಲಿಗೆ ಬಾ ಅಂತೀರಿ ಅಲ್ಲಿಗೆ ಬರ್ತೇನಿ," ಎಂದ. "ಪೊಲೀಸ ಠಾಣೇಕ ನಾನ ಬರ್ತೇನಿ."

"ಬಾಳ್ಯಾ, ತಡಿ," ಎಂದಳು ಲಕ್ಕವ್ವ. ಟಿವಿಗೆ ಕೂಗಿದ್ದ ದನಿ ಅದಾಗಿರಲಿಲ್ಲ. ಎದ್ದು ಬಂದು ಸೋಮಶೇಖರನ ಮುಂದೆ ನಿಂತಳು. "ಫೋನ ಮಾಡಿ ಎಲ್ಲಿ ಹ್ವಾದಿ?"

"ಟ್ರ್ಯಾಕ್ಟರ ಮುಂದ ಒಯ್ದ ನಿಲ್ಲಿಸಿ ಹೊಳ್ಳಿ ಬಂದ್ನಿ ಯವ್ವಾ. ಅಂಬ್ಯುಲನ್ಸ ದೀಪ ಕಾಣೂತನಾ ಅವನ ಬಾಜೂಕ ಇದ್ದೆ. ಬಂತು ಅಂದಕೂಡಲೆ ಅಂಜಿಕಿ ಬಂತು, ಕಬ್ಬಿನ್ಯಾಗ ಹೊಕ್ಕೆ."

"ಅಂವ ಏನರೆ ಅಂದನೇನು?"

ಸೋಮಶೇಖರ ತಲೆ ತಗ್ಗಿಸಿದ. ಈ ಮಾತನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

"ಯವ್ವಾ ಅಂದ. ನನಗಲ್ಲ... ನಿಮಗ ಕರದ. ಎರಡ ಸರತೆ."

ಲಕ್ಕವ್ವ ಕೈಯೆತ್ತಿ ಅವನ ಕೆನ್ನೆಗೆ ಹೊಡೆದಳು. ಹೊಡೆದ ಕೈಯನ್ನು ತನ್ನ ಎದೆಗೆ ಒತ್ತಿಕೊಂಡು ನಿಂತಳು. ಬಾಳೇಶನ ಹಿಡಿತ ಸಡಿಲವಾಯಿತು.

ಐಸಿಯು ಬಾಗಿಲು ತೆರೆದು ನರ್ಸ್ ದಾನೇಶ್ವರಿ ಹೊರಬಂದಳು. "ಕಿಶೋರನ ಕಡೆಯವರು? ಈ ಇಂಜೆಕ್ಷನ್ ನಮ್ಮಲ್ಲೆ ಮುಗದೈತಿ. ಬಸ್‌ಸ್ಟ್ಯಾಂಡ ಕಡೆ ದೊಡ್ಡ ಮೆಡಿಕಲ್‌ನ್ಯಾಗ ಸಿಗತೈತಿ. ಲಗೂನ ತರಬೇಕ್ರಿ, ಬರ್ಫದಾಗ ಇಟಗೊಂಡ." ಚೀಟಿಯನ್ನು ಲಕ್ಕವ್ವನ ಕೈಗೆ ಕೊಟ್ಟು ಒಳಗೆ ಹೋದಳು.

ಬಾಳೇಶ ಕೈ ಚಾಚಿದ. ಲಕ್ಕವ್ವ ಚೀಟಿಯನ್ನು ನೋಡಿದಳು. ಮಗನ ನಿದ್ದೆಗೆಟ್ಟ ಕಣ್ಣು ನೋಡಿದಳು. "ನೀ ಇಲ್ಲೇ ಇರು. ತಮ್ಮ ಒಳಗದಾನ," ಎಂದಳು. ಚೀಟಿಯನ್ನು ಸೋಮಶೇಖರನ ಕಡೆ ಹಿಡಿದಳು. "ಗಾಡಿ ಐತೆಲ್ಲಾ ನಿಂದು?"

ಅವನು ಚೀಟಿ ತೆಗೆದುಕೊಂಡು ಓಡಿದ. ಹೊರಗೆ ಬೈಕು ಶುರುವಾದ ಸದ್ದು ಕೇಳಿಸಿತು, ದೂರವಾಯಿತು.

"ಬುದ್ಧಿ ಐತೇನ ಬೇ ನಿನಗ?" ಬಾಳೇಶ ಗೋಡೆಗೆ ಗುದ್ದಿದ. "ಕೈಗೆ ಸಿಕ್ಕಾಂವನ್ನ ನೀನ ಬಿಟ್ಟ ಕೊಟ್ಟಿ. ಹ್ವಾದ. ಮತ್ತ ಹ್ವಾದ ನೋಡ ಅಂವ. ಒಳಗ ಇವನ ಜೀವ ಹೋಗಾಕತ್ತೈತಿ, ನೀ..." ಇನ್ನೊಂದು ಚೀಟಿ ಬರೆಸಿಕೊಂಡು ತಾನೇ ಹೋಗುತ್ತೇನೆಂದು ಐಸಿಯು ಬಾಗಿಲು ಬಡಿದ. ಒಳಗಿನಿಂದ ಯಾರೂ ಬರಲಿಲ್ಲ.

ಲಕ್ಕವ್ವ ಬೆಂಚಿನ ಮೇಲೆ ಕೂತಳು. ಗಲಾಟೆಗೆ ಸಿಟ್ಟಾಗಿದ್ದ ಸತ್ತೆಪ್ಪ ರಿಮೋಟು ಒತ್ತಿ ಟಿವಿ ಆರಿಸಿದ. ಅವಳು ಗಮನಿಸಲಿಲ್ಲ. ದಾಕ್ಷಾಯಿಣಿ ನೆಲದ ಮೇಲೆಯೇ ಕೂತಿದ್ದಳು. ಇಬ್ಬರೂ ಹೊರಗಿನ ಗಾಜಿನ ಬಾಗಿಲನ್ನು ನೋಡುತ್ತಿದ್ದರು. ಹೊರಗೆ ಬೈಕಿನ ಸದ್ದಾದಾಗಲೆಲ್ಲ ದಾಕ್ಷಾಯಿಣಿಯ ಬೆನ್ನು ನೆಟ್ಟಗಾಗುತ್ತಿತ್ತು. ಅದು ಬೇರೆ ಯಾರದೋ ಬೈಕಾಗಿ ಮುಂದೆ ಹೋಗುತ್ತಿತ್ತು. ಬಸ್‌ಸ್ಟ್ಯಾಂಡೇನು ದೂರವಿರಲಿಲ್ಲ. ಇಷ್ಟು ಹೊತ್ತು ಬೇಕೇ? ಮೂಡಲಗಿ ರಸ್ತೆಯೂ ಅದೇ ದಿಕ್ಕಿನಲ್ಲಿತ್ತು. ಹಾಗೆ ಅಂದುಕೊಂಡದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಮುದುಕಿಯ ಕಡೆ ತಿರುಗಿ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

ಬಾಗಿಲು ತಳ್ಳಿಕೊಂಡು ಸೋಮಶೇಖರ ಬಂದ. ಅಂಗಿ ಬೆವರಿಗೆ ಮೈಗಂಟಿತ್ತು. ಮಂಜುಗಡ್ಡೆಯ ನೀರು ಸೋರುತ್ತಿದ್ದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. "ಅಲ್ಲಿ ಇದ್ದಿದ್ದಿಲ್ಲ," ಎಂದು ಏದುಸಿರು ಬಿಟ್ಟ. "ಮೂರ ಅಂಗಡಿ ತಿರಗಿದೆ."

ಲಕ್ಕವ್ವ ಅವನ ಮುಖ ನೋಡದೆ ಚೀಲ ಇಸಿದುಕೊಂಡಳು. ಬಾಳೇಶ ಅದನ್ನು ಅವಳ ಕೈಯಿಂದ ಕಿತ್ತುಕೊಂಡು ಐಸಿಯು ಬಾಗಿಲಿಗೆ ಓಡಿದ. ಈ ಸಲ ಬಾಗಿಲು ತೆರೆಯಿತು, ಒಳಗಿನ ಕೈಯೊಂದು ಚೀಲ ತೆಗೆದುಕೊಂಡಿತು, ಬಾಗಿಲು ಮತ್ತೆ ಮುಚ್ಚಿತು.

ಸೋಮಶೇಖರ ಗೋಡೆಯ ಬಳಿ ನಿಂತೇ ಇದ್ದ. ಅವನ ಬೆರಳುಗಳಿಂದ ತಣ್ಣೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಲಕ್ಕವ್ವ ಆ ಮುಚ್ಚಿದ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೆರಗು ಎಳೆದುಕೊಂಡು ಬೆಂಚಿನ ತುದಿಗೆ ಸರಿದು, ಪಕ್ಕದಲ್ಲಿ ಇಬ್ಬರಿಗೆ ಜಾಗ ಬಿಟ್ಟು ಕೂತಳು.